ಚಿಟಿಕಿ ಉಪ್ಪು, ಹಿಡಿ ಬೆಲ್ಲ

ಮಳಿಗಾಲ ಸುರು ಆತಂದ್ರ ನಮ್ಮ ಓಣ್ಯಾಗ ಎರಡು ಮಾತು ಕೇಳೂದು ತಪ್ಪೂದಿಲ್ಲ. ಒಂದು, 'ನಳದ ನೀರು ಕೆಂಪಗ ಬರ್ಲಿಕತ್ತದ'. ಇನ್ನೊಂದು, 'ಕೂಸಿಗೆ ಹೊಟ್ಟಿ ಹೋಗ್ಲಿಕತ್ತದ, ಸಲಾಯಿನ್ ಹಚ್ಚಸಬೇಕೇನು?' ಮೊದಲನೇದಕ್ಕ ನನ್ನ ಕಡೆ ಉತ್ತರ ಇಲ್ಲ, ಅದು ಕಾರ್ಪೋರೇಶನ್ನಿನವರ ಕೆಲಸ. ಎರಡನೇದರ ಬಗ್ಗೆ ಇವತ್ತ ಸ್ವಲ್ಪ ಉದ್ದಕ್ಕ ಬರೀಲಿಕ್ಕೆ ಕೂತೇನಿ. ವೈನಿ, ಮೌಶಿ, ಕಾಕು, ಎಲ್ಲಾರೂ ಚಹಾ ಇಟಗೊಂಡು ಓದ್ರಿ.

ನಿಮ್ಮ ಮನಿ ಔಷಧದ ಡಬ್ಬಿ ತಗದು ನೋಡ್ರಿ. ಒಂದರ ಓಆರ್‌ಎಸ್ ಪಾಕೀಟು ಇದ್ದ ಇರತದ. ಆಶಾ ಕಾರ್ಯಕರ್ತೆ ಕೊಟ್ಟಿದ್ದೋ, ಎಂದೋ ಮೆಡಿಕಲ್ ಶಾಪಿನಿಂದ ತಂದಿದ್ದೋ. ಅದರಾಗ ಏನದ? ಉಪ್ಪು, ಸಕ್ಕರಿ ಜಾತಿಯ ಗ್ಲೂಕೋಸು, ಇನ್ನೆರಡು ಥರದ ಲವಣ. ಅಷ್ಟ. ಇಷ್ಟು ಸಣ್ಣ ವಸ್ತು ಅಂತ ನಾವು ಅದಕ್ಕ ಬೆಲೆ ಕೊಡೂದಿಲ್ಲ. ಆದ್ರ ಲಂಡನ್ನಿನ 'ಲ್ಯಾನ್ಸೆಟ್' ಅನ್ನೂ ದೊಡ್ಡ ವೈದ್ಯಕೀಯ ಪತ್ರಿಕಾ 1978ರಾಗ ಇದರ ಬಗ್ಗೆ ಏನು ಬರೀತು ಗೊತ್ತೇನು? ಉಪ್ಪು-ಸಕ್ಕರಿ ಕೂಡಿ ಕರುಳಿನಾಗ ಹೆಂಗ ಹೀರಿಕೊಳ್ಳತಾವ ಅನ್ನೂ ಈ ತಿಳುವಳಿಕಿ ಈ ಶತಮಾನದ ಎಲ್ಲಾಕ್ಕಿಂತ ದೊಡ್ಡ ವೈದ್ಯಕೀಯ ಸಾಧನಾ ಆಗಬಹುದು ಅಂತ. ಪೆನಿಸಿಲಿನ್ ಬಂದ ಶತಮಾನ ಅದು, ನೆನಪಿರಲಿ.

ಹಂಗಾದ್ರ ಇಷ್ಟು ಸಾದಾ ವಿಷಯ ತಿಳೀಲಿಕ್ಕೆ ಅಷ್ಟು ವರ್ಷ ಯಾಕ ಬೇಕಾತು, ತಿಳಿದ ಮ್ಯಾಲೂ ಅದು ಮನಿಮನಿಗೆ ಮುಟ್ಟಲಿಕ್ಕೆ ಯಾಕ ತಡಾ ಆತು ಅಂತ ನಾ ಓದಕೋತ ಹೋದೆ. ಓದಿದಷ್ಟೂ ನನಗ ಕಂಡದ್ದು ಒಂದ. ಔಷಧ ಅಗದೀ ಮೊದಲ ಸಿಕ್ಕಿತ್ತು. ಅದನ್ನ ನಮ್ಮಂಥ ಹೆಣ್ಣುಮಕ್ಕಳ ಕೈಗೆ, ನಮ್ಮ ತಂಬಗಿಗೆ, ನಮ್ಮ ಮಾತಿಗೆ ಹೊಂದಸೂದು ಮಾತ್ರ ಬಾಕಿ ಇತ್ತು.

ನಮ್ಮ ಅಜ್ಜಿಯವರ ಕಾಲದಾಗ ವಾಂತಿಭೇದಿ ಆದ್ರ ಮೊದಲ ಬಂದ್ ಮಾಡತಿದ್ದದ್ದು ನೀರು. 'ಕುಡಿದಷ್ಟೂ ಹೋಗತದ, ಕುಡಸಬ್ಯಾಡ್ರಿ' ಅಂತಿದ್ರು. ಈಗ ಕೇಳಿದ್ರ ಎದಿ ಝಲ್ ಅಂತದ. ಆದ್ರ ಹಳೀ ಮಂದಿಗೆ ನಗೂದೂ ಬ್ಯಾಡ. 1817ರ ಸುಮಾರಿಗೆ ಬಂಗಾಲದ ಕಡಿಂದ ಹೊರಟ ಕಾಲರಾ ಊರೂರು ದಾಟಿ ಯುರೋಪಿಗೆ ಮುಟ್ಟಿದಾಗ ಅಲ್ಲಿಯ ಕಲಿತ ಡಾಕ್ಟರರು ಮಾಡಿದ್ದು ಇನ್ನೂ ಕೆಟ್ಟದ್ದು. ರೋಗಿ ಮೈಯಾಗಿನ ನೀರೆಲ್ಲಾ ಹೋಗಿ ಒಣಗಿ ಬಿದ್ದಿರತಿದ್ದಾ, ಅವನ ರಗತಾ ಬ್ಯಾರೆ ತಗೀತಿದ್ರು. ಪಾದರಸದ ಪುಡಿ, ಅಫೀಮು ಕೊಡತಿದ್ರು.

1831ರಾಗ ಇಂಗ್ಲೆಂಡಿನೊಳಗ ಕಾಲರಾ ಬಂದಾಗ ವಿಲಿಯಂ ಓಶಾನೆಸಿ ಅಂತ ಒಬ್ಬ ಇಪ್ಪತ್ತರ ಆಸುಪಾಸಿನ ಡಾಕ್ಟರ್ ರೋಗಿಗಳ ರಗತಾ ಪರೀಕ್ಷಾ ಮಾಡಿ ಹೇಳಿದಾ: ಇವರ ಮೈಯಾಗಿನ ನೀರೂ ಉಪ್ಪೂ ಹೊರಗ ಹೋಗ್ಯಾವ, ಅವನ್ನ ತಿರುಗಿ ಕೊಡಬೇಕು. ಮರುವರ್ಷ ಸ್ಕಾಟ್‌ಲೆಂಡಿನ ಲೀತ್ ಊರಾಗ ಥಾಮಸ್ ಲಟ್ಟಾ ಅನ್ನಾವರು ಸಾಯೂ ಸ್ಥಿತಿಯಾಗಿದ್ದ ಒಬ್ಬ ಮುದಕಿಯ ರಗತದ ನಾಳಕ್ಕ ಉಪ್ಪುನೀರು ಏರಿಸಿದ್ರು. ಮುದಕಿ ಕಣ್ಣು ತಗದಳು, ಮಾತಾಡಿದಳು. ಆಮ್ಯಾಲೆ ನಿಲ್ಲಿಸಿಬಿಟ್ರು, ಭೇದಿ ಮತ್ತ ಹೋಗಿ ಆಕಿ ತೀರಿಕೊಂಡಳು. ನಾವು 'ಸಲಾಯಿನ್ ಹಚ್ಚೂದು' ಅಂತೇವಲ್ಲ, ಅದರ ಮೊದಲನೇ ಹೆಜ್ಜಿ ಅದು. (ಈ ಓಶಾನೆಸಿ ಮುಂದ ಕಲಕತ್ತಾಕ್ಕ ಬಂದು ನಮ್ಮ ದೇಶದಾಗ ತಂತಿ ಎಳದು ಟೆಲಿಗ್ರಾಫ್ ಸುರು ಮಾಡಿದಾ. ಡಾಕ್ಟರಕಿ ಬಿಟ್ಟು ತಂತಿ ಹಿಡಿದ ಮನಶಾ.)

ಇಪ್ಪತ್ತನೇ ಶತಮಾನದ ಸುರುವಿನಾಗ ಕಲಕತ್ತಾದ ದವಾಖಾನಿಯೊಳಗ ಲಿಯೊನಾರ್ಡ್ ರಾಜರ್ಸ್ ಅನ್ನಾವರು ಸಲಾಯಿನ್ ಸರಿಯಾಗಿ ಏರಿಸಿ ಕಾಲರಾದ ಸಾವು ಬಹಳ ಕಡಿಮಿ ಮಾಡಿದ್ರು. ಅಲ್ಲಿಗೆ ಔಷಧ ಸಿಕ್ಕಂಗ ಆತು. ಆದ್ರ ಯಾರಿಗೆ ಸಿಕ್ಕಿತು? ಸಲಾಯಿನ್ ಬೇಕಂದ್ರ ಸ್ವಚ್ಛ ಕುದಿಸಿದ ಬಾಟಲಿ ಬೇಕು, ಸೂಜಿ ಬೇಕು, ನರ ಹುಡುಕೂ ಕೈ ಬೇಕು, ಮಲಗಲಿಕ್ಕೆ ಮಂಚ ಬೇಕು. ಕಾಲರಾ ಬರೂದು ಇವ್ಯಾವೂ ಇಲ್ಲದ ಊರಿಗೆ. ಗಾಡಿ ಕಟ್ಟಿ ದವಾಖಾನಿ ಮುಟ್ಟೂದರಾಗ ಜೀವ ಹೋಗಿರತಿತ್ತು.

ಬಾಯಿಂದನ ಉಪ್ಪುನೀರು ಕುಡಿಸಿದ್ರ ಆಗೂದಿಲ್ಲೇನು ಅಂತ ನಿಮಗ ಅನಸಬಹುದು. ಬರೇ ಉಪ್ಪುನೀರು ಕುಡಿಸಿದ್ರ ಆಗೂದಿಲ್ಲ, ಕರುಳು ಅದನ್ನ ಒಳಗ ತಗೊಳ್ಳೂದಿಲ್ಲ. ಇದರ ಗುಟ್ಟು ಬಿಚ್ಚಿದವರು ರಾಬರ್ಟ್ ಕ್ರೇನ್ ಅಂತ ಅಮೆರಿಕಾದ ವಿಜ್ಞಾನಿ, 1960ರಾಗ. ನನಗ ತಿಳಿದಂಗ ಮನಿ ಭಾಷಾದಾಗ ಹೇಳತೀನಿ. ಕರುಳಿನ ಗ್ವಾಡಿಗೆ ಸಣ್ಣ ಸಣ್ಣ ಬಾಗಲಾ ಅವ ಅಂತ ತಿಳಕೋರಿ. ಅದರಾಗ ಒಂದು ಬಾಗಲಾ ಜೋಡಿ ಬಂದವರಿಗಷ್ಟ ತಗೀತದ. ಉಪ್ಪು ಒಂದ ಬಂದ್ರ ಇಲ್ಲ, ಸಕ್ಕರಿ ಒಂದ ಬಂದ್ರ ಇಲ್ಲ. ಉಪ್ಪು ಸಕ್ಕರಿ ಕೈ ಕೈ ಹಿಡಕೊಂಡು ಬಂದ್ರ ಒಳಗ ಬಿಡತದ, ಅವೆರಡರ ಬೆನ್ನ ಹಿಂದ ನೀರು ತಾನ ಹೋಗತದ. ಕಾಲರಾ ಬಂದು ಎಲ್ಲಾ ಕೆಟ್ಟು ಕೂತಾಗೂ ಈ ಒಂದು ಬಾಗಲಾ ಮಾತ್ರ ಕೆಟ್ಟಿರೂದಿಲ್ಲ. ಭೇದಿ ತಕ್ಷಣ ನಿಲ್ಲೂದಿಲ್ಲ ಖರೆ, ಆದ್ರ ಹೋದ ನೀರು ಒಳಗ ತಿರುಗಿ ತುಂಬತದ, ಜೀವ ಉಳೀತದ. ಬಹಳ ಮಂದಿ ತಪ್ಪು ತಿಳಕೊಳ್ಳೂದು ಇಲ್ಲೇ ನೋಡ್ರಿ. ಓಆರ್‌ಎಸ್ ಕೊಟ್ಟೆ, ಆದ್ರೂ ನಿಲ್ಲಲಿಲ್ಲ, ಉಪಯೋಗ ಇಲ್ಲ ಅಂತ ಬಿಡತಾರ. ಅದು ನಿಲ್ಲಸೂ ಔಷಧ ಅಲ್ಲ, ತುಂಬೂ ಔಷಧ.

ಕ್ರೇನ್ ಹೇಳೂಕಿಂತ ಮೊದಲ, 1953ರಾಗ, ಕಲಕತ್ತಾದ ಹೇಮೇಂದ್ರನಾಥ ಚಟರ್ಜಿ ಅನ್ನೂ ಡಾಕ್ಟರರು 186 ಕಾಲರಾ ರೋಗಿಗಳಿಗೆ ಉಪ್ಪು-ಗ್ಲೂಕೋಸಿನ ನೀರು ಕುಡಿಸಿ ಗುಣ ಮಾಡಿ ಅದೇ ಲ್ಯಾನ್ಸೆಟ್ಟಿನಾಗ ಬರದಿದ್ರು. ಯಾಕ ಗುಣ ಆಗತದ ಅಂತ ಹೇಳೂ ಶಾಸ್ತ್ರ ಆವಾಗ ಇರಲಿಲ್ಲ, ಹಿಂಗಾಗಿ ಯಾರೂ ಮನಸಿಗೆ ಹಚ್ಚಿಕೊಳ್ಳಲಿಲ್ಲ. 1968ರಾಗ ಢಾಕಾದ ಕಾಲರಾ ಪ್ರಯೋಗಶಾಲಾದಾಗ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಅನ್ನೂ ಇಬ್ಬರು ಹರೇದ ಡಾಕ್ಟರರು ಅಲ್ಲಿಯ ಸಂಗಡಿಗರ ಜೋಡಿ ಇದನ್ನ ಗಟ್ಟಿ ಮಾಡಿ ತೋರಿಸಿದ್ರು. ಅಲ್ಲಿ ಕಾಲರಾ ಮಂಚ ಅಂತ ಇರತದ, ನಡುವ ತೂತು, ಕೆಳಗ ಬಕೀಟು. ಬಕೀಟಿನಾಗ ಎಷ್ಟು ಬೀಳತದೋ ಅಷ್ಟು ಅಳದು ಬಾಯಿಂದ ಕುಡಸೂದು. ನಮಗ ಹೇಸಿಗಿ ಅನಸಬಹುದು, ಆದ್ರ ಲೆಕ್ಕ ಎಷ್ಟು ಸರಳ ನೋಡ್ರಿ, ಹೋದಷ್ಟು ಕೊಡು. ಕೂಸಿನ ಎರಡಕ್ಕ ಬಳದ ಹೆಂಗಸಿಗೆ ಆ ಲೆಕ್ಕ ಯಾರೂ ಕಲಸಬೇಕಾಗಿಲ್ಲ.

ಆದ್ರ ಇದೆಲ್ಲಾ ನಡದದ್ದು ದವಾಖಾನಿಯೊಳಗ. ನರ್ಸ್ ಅಳೀಬೇಕು, ಡಾಕ್ಟರ್ ನೋಡಬೇಕು. ಓದಲಿಕ್ಕೆ ಬಾರದ ತಾಯಿ ಕೈಯಾಗ ಇದನ್ನ ಹೆಂಗ ಕೊಡೂದು, ಆಕಿ ತಪ್ಪು ಮಾಡಿದ್ರ ಏನು ಗತಿ ಅನ್ನೂ ಹೆದರಿಕಿ ಎಲ್ಲಾ ಕಡೆ ಇತ್ತು. ಆ ಹೆದರಿಕಿ ಬಿಟ್ಟದ್ದು ಗತಿ ಇಲ್ಲದಾಗ.

1971ರ ಮಾರ್ಚಿನಾಗ ಪೂರ್ವ ಪಾಕಿಸ್ತಾನದೊಳಗ, ಅಂದ್ರ ಇವತ್ತಿನ ಬಾಂಗ್ಲಾದೇಶದಾಗ, ಸೈನ್ಯದ ದಾಳಿ ಸುರು ಆತು. ಒಂದು ಕೋಟಿ ಹತ್ತಿರ ಮಂದಿ ಗಡಿ ದಾಟಿ ನಮ್ಮ ದೇಶಕ್ಕ ಬಂದ್ರು. ಮಳಿ, ಕೆಸರು, ಗುಡಾರದಾಗ ವಾಸ, ಮ್ಯಾಲೆ ಕಾಲರಾ. ಪಶ್ಚಿಮ ಬಂಗಾಲದ ಗಡಿಯೊಳಗಿನ ಬನಗಾಂವ್ ಅನ್ನೂ ಊರಿನ ದವಾಖಾನಿಗೆ ಜೂನ್ ತಿಂಗಳದಾಗ ದಿಲೀಪ್ ಮಹಾಲನಬಿಸ್ ಅನ್ನೂ ಮಕ್ಕಳ ಡಾಕ್ಟರರು ಬಂದ್ರು. ಕಲಕತ್ತಾದಾಗ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದಾಗ ಕೆಲಸ ಮಾಡತಿದ್ರು. ಅವರು ಹುಟ್ಟಿದ್ದೂ ಆ ಕಡೆನ, ಕಿಶೋರಗಂಜ ಜಿಲ್ಲಾ. ಬಂದು ನೋಡಿದ್ರ ಎರಡು ಖೋಲಿ ತುಂಬ ಮಂದಿ ನೆಲದ ಮ್ಯಾಲೆ ಬಿದ್ದಾರ. ಸಲಾಯಿನ್ ಹಚ್ಚಬೇಕಂದ್ರ ಅವರ ವಾಂತಿ-ಭೇದಿಯೊಳಗನ ಮಣಕಾಲೂರಿ ಕೂಡಬೇಕು. ಎರಡು ದಿನದಾಗ ಅವರಿಗೆ ತಿಳೀತು, ಸಲಾಯಿನ್ ಬಾಟಲಿ ಮುಗಿಲಿಕತ್ತಾವ, ಹಚ್ಚೂ ಕೈ ಸಾಲೂದಿಲ್ಲ, ಹಿಂಗ ಮಾಡಿದ್ರ ಮಂದಿ ಉಳಿಯೂದಿಲ್ಲ ಅಂತ.

ಆಗ ಅವರು ಕಲಕತ್ತಾದಾಗ ಉಪ್ಪು, ಅಡಿಗಿ ಸೋಡಾ, ಗ್ಲೂಕೋಸು ತೂಗಿ ಪ್ಲಾಸ್ಟಿಕ್ ಚೀಲದಾಗ ಹಾಕಿ ಕಾದ ಇಸ್ತ್ರಿಯಿಂದ ಬಾಯಿ ಮುಚ್ಚಿಸಿದ್ರು. ಒಂದು ಲೀಟರಿಗೆ 22 ಗ್ರಾಂ ಗ್ಲೂಕೋಸು, ಮೂರೂವರಿ ಗ್ರಾಂ ಉಪ್ಪು, ಎರಡೂವರಿ ಗ್ರಾಂ ಸೋಡಾ. ಕ್ಯಾಂಪಿನಾಗ ಅದನ್ನ ನೀರಿನಾಗ ಕರಗಿಸಿ ಡ್ರಮ್ಮಿನಾಗ ತುಂಬಿ ಇಟ್ರು. ರೋಗಿ ಜೋಡಿ ಬಂದ ತಾಯಿ, ಹೆಂಡತಿ, ಅಣ್ಣ, ಯಾರಿದ್ರೋ ಅವರು ವಾಟಗಾದಾಗ ತುಂಬಿಕೊಂಡು ಹೋಗಿ ಕುಡಸಬೇಕು. ಮತ್ತ ತರಬೇಕು, ಮತ್ತ ಕುಡಸಬೇಕು. ಖರ್ಚು ಲೀಟರಿಗೆ ಕೆಲವೇ ಪೈಸಾ.

ಮಂದಿ ನಂಬಬೇಕಲ್ಲಾ? ಸೂಜಿ ಇಲ್ಲ, ಬಾಟಲಿ ಇಲ್ಲ, ಬರೇ ನೀರು ಕುಡಸ್ರಿ ಅಂದ್ರ ನಾವಾದ್ರೂ ಸಿಟ್ಟಾಗತೇವಿ. ಇದಕ್ಕ ಅವರು ಒಂದು ಉಪಾಯ ಮಾಡಿದ್ರು. 'ಇದು ಬಾಯಿಂದ ಕುಡಿಯೂ ಸಲಾಯಿನ್' ಅಂತ ಹೆಸರಿಟ್ರು. ಸಲಾಯಿನ್ ಅನ್ನೂ ಶಬ್ದದ ಮ್ಯಾಲೆ ಮಂದಿಗೆ ಆಗಲೇ ಭರವಸಾ ಇತ್ತು, ಆ ಭರವಸಾನ ವಾಟಗಾದಾಗ ಹಾಕಿ ಕೊಟ್ರು. ಇವತ್ತೂ ಬಾಂಗ್ಲಾದೇಶದಾಗ ಓಆರ್‌ಎಸ್‌ಗೆ 'ಖಾಬಾರ್ ಸ್ಯಾಲೈನ್' ಅಂತನ ಅಂತಾರ, ತಿನ್ನೂ-ಕುಡಿಯೂ ಸಲಾಯಿನ್ ಅಂತ ಅರ್ಥ. ಎಂಟು ವಾರದಾಗ 3,700 ಮಂದಿಗೆ ಹಿಂಗ ಉಪಚಾರ ನಡೀತು. ಸತ್ತವರು ನೂರಕ್ಕ 3.6. ಸಲಾಯಿನ್ ಸಿಗದ ಬ್ಯಾರೆ ಕ್ಯಾಂಪಿನಾಗ ನೂರಕ್ಕ ಇಪ್ಪತ್ತು ಮೂವತ್ತು ಮಂದಿ ಸಾಯಲಿಕತ್ತಿದ್ರು. ವಿಶ್ವ ಆರೋಗ್ಯ ಸಂಸ್ಥೆಯ ಧೀಮನ್ ಬರುವಾ ಅನ್ನಾವರು ಬಂದು ಕಣ್ಣಾರೆ ನೋಡಿ ಹೋದ್ರು, ಇದನ್ನ ಜಗತ್ತಿಗೆ ಹೇಳಲಿಕ್ಕೆ ಮುಂದ ಬಹಳ ಓಡ್ಯಾಡಿದ್ರು.

ನಾ ಇದನ್ನ ಓದಿ ಬಹಳ ಹೊತ್ತು ಸುಮ್ಮನ ಕೂತಿದ್ದೆ. ಅಳತಿ ಮಾಡೂ ನರ್ಸ್ ಇಲ್ಲ, ಪಟ್ಟಿ ಬರಿಯೂ ಡಾಕ್ಟರ್ ಇಲ್ಲ. ಎಲ್ಲಾ ಕಳಕೊಂಡು ಬಂದ ಒಬ್ಬ ತಾಯಿ ತನ್ನ ಕೂಸಿನ ಬಾಯಿಗೆ ವಾಟಗಾ ಹಿಡದು ಕೂತಾಳ, ಆಕಿನ ಅಲ್ಲಿ ನರ್ಸ್, ಆಕಿನ ಡಾಕ್ಟರ್. ಆಕಿ ಸರಿಯಾಗಿ ಮಾಡತಾಳ ಅಂತ ಆ ಲೆಕ್ಕದ ಕಾಗದದ ಮ್ಯಾಲೆ ಬಂತು. ಮಹಾಲನಬಿಸ್ ಅವರು 2022ರ ಅಕ್ಟೋಬರದಾಗ ತೀರಿಕೊಂಡ್ರು, 2023ರಾಗ ಸರ್ಕಾರ ಪದ್ಮವಿಭೂಷಣ ಕೊಡ್ತು. ಬದುಕಿದ್ದಾಗ ಕೊಟ್ಟಿದ್ರ ಏನಾಗತಿತ್ತೋ! ಇರಲಿ.

ಇನ್ನ ಮುಂದಿನ ಕಥಿ ನನಗ ಎಲ್ಲಾಕ್ಕಿಂತ ಸೇರಿದ್ದು. ಅದೂ ಬಾಂಗ್ಲಾದೇಶದ್ದ. ಯುದ್ಧ ಮುಗೀತು, ದೇಶ ಹುಟ್ಟಿತು, ಹಳ್ಳಿ ಹಳ್ಳಿಯಾಗ ಮಕ್ಕಳು ಭೇದಿಯಿಂದ ಸಾಯೂದು ನಿಲ್ಲಲಿಲ್ಲ. ಪಾಕೀಟು ಮಾಡಿ ಹಂಚಬೇಕಂದ್ರ ದುಡ್ಡಿಲ್ಲ, ರಸ್ತಾ ಇಲ್ಲ. ಫಜಲೆ ಹಸನ್ ಆಬೇದ್ ಅನ್ನಾವರು ಕಟ್ಟಿದ ಬ್ರಾಕ್ ಸಂಸ್ಥಾದವರು 1979ರಾಗ ಸುಲ್ಲಾ ಅನ್ನೂ ಕಡೆ ಬ್ಯಾರೆ ದಾರಿ ಹಿಡಿದ್ರು. ಪಾಕೀಟು ಬ್ಯಾಡ, ಮನ್ಯಾಗ ಇದ್ದದ್ದರಾಗ ಮಾಡೋಣು ಅಂತ. ಸಕ್ಕರಿ ಎಲ್ಲಾರ ಮನ್ಯಾಗ ಇರತಿರಲಿಲ್ಲ, ಬೆಲ್ಲ ಇರತಿತ್ತು. ಹಿಂಗಾಗಿ ಲೊಬೊನ್-ಗುಡ್, ಉಪ್ಪು-ಬೆಲ್ಲ. ಚಮಚಾನೂ ಎಲ್ಲಾರ ಮನ್ಯಾಗ ಒಂದ ಅಳತಿದಿರೂದಿಲ್ಲ, ಆದ್ರ ಕೈ ಇರತದಲ್ಲಾ? ಮೂರು ಬಟ್ಟಿನ ಚಿಟಿಕಿ ಉಪ್ಪು, ಅದೂ ಬಟ್ಟಿನ ಮೊದಲನೇ ಗೆರಿ ತನಕ. ಒಂದು ಹಿಡಿ ಬೆಲ್ಲ. ಅರ್ಧ ಸೇರು ನೀರು. ಅರ್ಧ ಸೇರು ಅಂದ್ರ ನಮ್ಮ ಅರ್ಧ ಲೀಟರಿಗೆ ಒಂಚೂರು ಕಡಿಮಿ. ಹೆಂಗಸರ ಕೈಯಿಂದ ಮಾಡಿಸಿ, ಆ ನೀರಿನ ಮಾದರಿ ಒಯ್ದು ಪ್ರಯೋಗಶಾಲಾದಾಗ ಉಪ್ಪಿನ ಅಳತಿ ನೋಡಿಸಿದ್ರು, ಸರಿ ಬರತದೋ ಇಲ್ಲೋ ಅಂತ. ಯಾಕಂದ್ರ ಉಪ್ಪು ಜಾಸ್ತಿ ಆದ್ರ ಕೂಸಿನ ಜೀವಕ್ಕ ಅಪಾಯ, ಇದು ಆಟದ ಮಾತಲ್ಲ.

ತಂಡ ಹೆಂಗಿತ್ತಂದ್ರ ಹದಿನಾಲ್ಕು ಮಂದಿ ಹುಡುಗೇರು, ಅಡಗಿಗೆ ಒಬ್ಬರು, ಮ್ಯಾಲೆ ನೋಡಿಕೊಳ್ಳಲಿಕ್ಕೆ ಒಬ್ಬ ಗಂಡಸು. ಮನಿಮನಿಗೆ ಹೋಗಿ ಭಾಷಣಾ ಮಾಡಲಿಲ್ಲ. ತಾಯಿ ಮುಂದ ಕೂತು, ನೆನಪಿಡಬೇಕಾದ ಮಾತು ಏಳು, ಅವನ್ನ ಹೇಳಿ, ಆಮ್ಯಾಲೆ 'ಈಗ ನೀ ಮಾಡು' ಅಂತ ಆಕಿ ಕೈಯಿಂದನ ಮಾಡಸೂದು. ಆಕಿ ಮನಿ ಪಾತ್ರಿಗೇ ಅರ್ಧ ಸೇರಿನ ಗುರುತು ಹಾಕಿ ಕೊಡೂದು. ಎಷ್ಟು ಶ್ಯಾಣ್ಯಾತನ ನೋಡ್ರಿ! ಅಳತಿ ಪಾತ್ರಿ ಹಂಚಿದ್ರ ಅದರಾಗ ಮರುದಿನ ಉಪ್ಪಿನಕಾಯಿ ಕೂತಿರತದ.

ಈ ಹುಡುಗೇರ ಪಗಾರದ ಲೆಕ್ಕ ಕೇಳಿದ್ರ ಮಜಾ ಅನಸತದ. ಎಷ್ಟು ಮನಿಗೆ ಹೋದ್ರು ಅಂತ ಪಗಾರ ಅಲ್ಲ. ಕೆಲವು ವಾರ ಬಿಟ್ಟು ಬ್ಯಾರೆಯವರು ಹೋಗಿ ಆ ತಾಯಂದಿರನ್ನ ಕೇಳೂದು, ಮಾಡಿ ತೋರಸು ಅನ್ನೂದು. ತಾಯಿಗೆ ಎಷ್ಟು ನೆನಪದನೋ ಅದರ ಪ್ರಮಾಣ ಹುಡುಗಿಗೆ ಪಗಾರ. ಕಲಿತವಳಿಗೆ ಬರಲಿಲ್ಲಂದ್ರ ಕಲಿಸಿದವಳಿಗೆ ರೊಕ್ಕ ಕಡಿಮಿ. ನಮ್ಮ ಸಾಲಿಗೆ ಈ ಪದ್ಧತಿ ಬಂದಿದ್ರ ನನ್ನ ಗಣಿತದ ಮಾಸ್ತರರ ಗತಿ ಏನಾಗತಿತ್ತೋ.

ಇಷ್ಟಾದ ಮ್ಯಾಲೂ ಒಂದು ತೊಡಕು ಬಂತು. ತಾಯಂದಿರಿಗೆ ಬಾಯಿಪಾಠ ಬಂದಿತ್ತು, ಆದ್ರ ಕೂಸಿಗೆ ಭೇದಿ ಆದಾಗ ಮಾಡತಿದ್ದವರು ಬಹಳ ಕಡಿಮಿ. ಯಾಕ ಅಂತ ಹುಡುಕಿದ್ರ, ಕಲಸೂ ಹುಡುಗೇರಿಗೇ ಇದರ ಮ್ಯಾಲೆ ನಂಬಿಗಿ ಇರಲಿಲ್ಲ. ತಮಗ ಹೊಟ್ಟಿ ಕೆಟ್ರ ಅವರೂ ಗುಳಗಿ ನುಂಗತಿದ್ರು! ಆಗ ಅವರನ್ನ ಕರಕೊಂಡು ಹೋಗಿ ಇದು ಹೆಂಗ ಕೆಲಸ ಮಾಡತದ ಅಂತ ತೋರಿಸಿ ತಿಳಿಸಿ ಹೇಳಿದ್ರು. ಆಮ್ಯಾಲೆ ಹುಡುಗೇರು ತಾಯಿ ಮಾಡಿದ ನೀರನ್ನ ತಾವ ಮೊದಲ ಕುಡದು ತೋರಸಲಿಕ್ಕೆ ಸುರು ಮಾಡಿದ್ರು. ಅದೂ ಸಾಲಲಿಲ್ಲ. ಮನ್ಯಾಗಿನ ಗಂಡಸರಿಗೆ ಯಾರೂ ಹೇಳಿರಲಿಲ್ಲ. 'ಏನೋ ಬೆಲ್ಲದ ನೀರು ಕುಡಸ್ತಾಳ' ಅಂತ ಅವರು ಹೆಂಡತಿ ಮಾತು ತಗದು ಹಾಕತಿದ್ರು. ಬಜಾರದಾಗ, ಮಸೀದಿ ಮುಂದ ಗಂಡಸರನ್ನ ಕೂಡಿಸಿ ಅವರಿಗೂ ತಿಳಿಸಿದ್ರು, ಆಗ ಮನ್ಯಾಗ ಮಾಡೂದು ಏರಿತು. ಕೆಲಸ 1990ರ ತನಕ ನಡೀತು, ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನಿ ಮುಟ್ಟಿದ್ರು. ಅತ್ತಿ, ಗಂಡ, ಮಾವ ಒಪ್ಪದ ಔಷಧ ಮನ್ಯಾಗ ನಡಿಯೂದಿಲ್ಲ ಅನ್ನೂದು ನಮಗ ಹೊಸಾದೇನಲ್ಲ. ಅದನ್ನ ಆರೋಗ್ಯದ ಯೋಜನಾದೊಳಗ ಲೆಕ್ಕಕ್ಕ ಹಿಡದ್ರಲ್ಲಾ, ಅದು ದೊಡ್ಡದು.

ನಮ್ಮ ದೇಶದಾಗ ಏನಾತು? ನಮ್ಮಲ್ಲೆ ಪಾಕೀಟಿನ ದಾರಿ ಹಿಡಿದ್ರು. ಪಾಕೀಟು ಬಂತು, ಅಂಗನವಾಡಿಗೆ ಬಂತು, 2014ರಿಂದ ಮಳಿಗಾಲದ ಸುರುವಿಗೆ ಅಭಿಯಾನಾ ಮಾಡಿ ಆಶಾದವರ ಕೈಲೆ ಮನಿಗೂ ಕಳಿಸ್ತಾರ. 2002ರಾಗ ವಿಶ್ವ ಆರೋಗ್ಯ ಸಂಸ್ಥೆಯವರು ಉಪ್ಪು ಸಕ್ಕರಿ ಎರಡೂ ಸ್ವಲ್ಪ ಇಳಿಸಿ ಅಳತಿ ಬದಲಿ ಮಾಡಿದ್ರು. ಈಗ ಲೀಟರಿಗೆ ಗ್ಲೂಕೋಸು 13.5 ಗ್ರಾಂ, ಉಪ್ಪು 2.6 ಗ್ರಾಂ. ಇದರಿಂದ ವಾಂತಿನೂ ಭೇದಿನೂ ಕಡಿಮಿ ಆಗತಾವ. 2004ರಿಂದ ಜೋಡಿಗೆ ಜಿಂಕ್ ಗುಳಗಿನೂ ಕೊಡಬೇಕಂದ್ರು. ಇಷ್ಟೆಲ್ಲಾ ಇದ್ದೂ 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷಾದಾಗ ಭೇದಿ ಆದ ಸಣ್ಣ ಮಕ್ಕಳೊಳಗ ಓಆರ್‌ಎಸ್ ಸಿಕ್ಕದ್ದು ನೂರಕ್ಕ ಅರವತ್ತು ಮಕ್ಕಳಿಗೆ. ಉಳಿದ ನಾಲ್ವತ್ತು ಮಕ್ಕಳ ತಾಯಂದಿರೂ ನಮ್ಮ ನಿಮ್ಮಂಥವರ. ಪಾಕೀಟಿನ ಹೆಸರು ಅವರು ಕೇಳಿರೂದಿಲ್ಲ ಅಂತ ನಾ ನಂಬೂದಿಲ್ಲ.

ನಮ್ಮ ಬಳಗದಾಗಿನ ಒಂದು ಕೂಸಿನ ಸುದ್ದಿ ಹೇಳತೀನಿ. ಹೋದ ವರ್ಷ ಭೇದಿ ಆಗಿ ಒಂದು ದವಾಖಾನಿಗೆ ಒಯ್ದಿದ್ರು. ಕೂಸು ಹಾಲು ನೀರು ಕುಡೀತಿತ್ತು, ಆಡತಿತ್ತು, ಆದ್ರೂ ಕೈಗೆ ಸೂಜಿ ಚುಚ್ಚಿ ಸಲಾಯಿನ್ ಹಚ್ಚಿ ಒಂದು ರಾತ್ರಿ ಇಟಗೊಂಡ್ರು. ಮರುದಿನ ಬಿಡುವಾಗ ನರ್ಸ್ ಒಂದ ಉಸಿರಿನಾಗ 'ಇದು ದಿನಕ್ಕ ಒಂದು, ಇದು ಊಟ ಆದ ಮ್ಯಾಲೆ, ಇದು ನೀರಿನಾಗ' ಅಂತ ಹೇಳಿ ಚೀಟಿ ಕೊಟ್ಟಳು. ಆಕಿದೂ ತಪ್ಪಲ್ಲ, ಹಿಂದ ಹತ್ತು ಮಂದಿ ನಿಂತಿದ್ರು. ಮೂರನೇ ದಿನ ಭೇದಿ ನಿಂತ ಮ್ಯಾಲೆ ಜಿಂಕ್ ಗುಳಗಿನೂ ನಿಲ್ಲಿಸಿದ್ರು, ಅದನ್ನ ಹದಿನಾಲ್ಕು ದಿವಸ ಕೊಡಬೇಕಂತ ಯಾರೂ ಬಿಡಿಸಿ ಹೇಳಿರಲಿಲ್ಲ. 'ಈಗ ನೀವು ಹೇಳ್ರಿ ನೋಡೋಣು, ಹೆಂಗ ಕೊಡತೀರಿ' ಅಂತ ಒಂದು ಮಾತು ಕೇಳಿದ್ರ ಎರಡು ನಿಮಿಷ ಹೋಗತಿತ್ತು, ಅಷ್ಟ. ಅವರು ಕೇಳಲಿಲ್ಲಂದ್ರ ನಾವ ಕೇಳಬೇಕು. 'ಅಕ್ಕಾರ, ನಾ ಒಂದು ಸಲ ತಿರುಗಿ ಹೇಳತೀನಿ, ಸರಿ ಅದನೋ ನೋಡ್ರಿ' ಅಂದ್ರ ಯಾವ ನರ್ಸೂ ಸಿಟ್ಟಾಗೂದಿಲ್ಲ. ಆದ್ರೂ ಪರವಾಗಿಲ್ಲ, ಕೂಸು ನಮ್ಮದು.

ಇನ್ನೊಂದು ಸುದ್ದಿ, ಅಂಗಡಿದು. ಎಷ್ಟೋ ವರ್ಷದಿಂದ ಮೆಡಿಕಲ್ ಶಾಪಿನಾಗ ಡಬ್ಬಿಯೊಳಗ ಹಣ್ಣಿನ ರಸದಂಥಾ ಸಿಹಿ ನೀರು ಇಟ್ಟು ಮ್ಯಾಲೆ ದೊಡ್ಡ ಅಕ್ಷರದಾಗ ಓಆರ್‌ಎಸ್ ಅಂತ ಬರದು ಮಾರತಿದ್ರು. ಅದರಾಗಿನ ಸಕ್ಕರಿ ಖರೆ ಓಆರ್‌ಎಸ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಸಕ್ಕರಿ ಹೆಚ್ಚಾದ್ರ ಕರುಳು ಒಳಗಿನ ನೀರನ್ನೂ ಹೊರಗ ಎಳೀತದ, ಭೇದಿ ನಿಲ್ಲೂ ಬದಲಿ ಹೆಚ್ಚಾಗತದ. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ಅನ್ನಾವರು ಇದರ ವಿರುದ್ಧ ಎಂಟು ವರ್ಷ ಹೋರಾಡಿದ್ರು. ಕಡೀಕ 2025ರ ಅಕ್ಟೋಬರದಾಗ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ, ಸರಿಯಾದ ಅಳತಿ ಇಲ್ಲದ ಯಾವ ಪಾನಕದ ಮ್ಯಾಲೂ ಓಆರ್‌ಎಸ್ ಅಂತ ಬರೀಬಾರದು ಅಂತ ಹುಕುಂ ಮಾಡಿತು. ಒಬ್ಬ ಹೆಣ್ಣುಮಗಳು ಹಟ ಹಿಡದು ಮಾಡಿದ ಕೆಲಸ ಇದು. ಆದ್ರೂ ಅಂಗಡಿಯಾಗ ನೀವು ತಗೊಳ್ಳುವಾಗ 'ಡಬ್ಲ್ಯುಎಚ್ಓ ಸೂತ್ರದ ಪಾಕೀಟು ಕೊಡ್ರಿ' ಅಂತನ ಕೇಳ್ರಿ, ಪಾಕೀಟಿನ ಮ್ಯಾಲೆ ಅದು ಬರದಿರತದ.

ಪಾಕೀಟಿನಾಗ ದೊಡ್ಡದು ಸಣ್ಣದು ಎರಡು ಬರತಾವ. ಇಪ್ಪತ್ತೊಂದು ಗ್ರಾಂ ಹತ್ತಿರದ್ದು ಒಂದು ಲೀಟರಿಗೆ, ನಾಲ್ಕು ಗ್ರಾಂ ಹತ್ತಿರದ್ದು 200 ಮಿಲಿಗೆ, ಅಂದ್ರ ಒಂದು ದೊಡ್ಡ ವಾಟಗಾಕ್ಕ. ಅನಾಹುತ ಆಗೂದು ಇಲ್ಲೇ. ದೊಡ್ಡ ಪಾಕೀಟು ಒಡದು ಒಂದು ವಾಟಗಾದಾಗ ಹಾಕಿದ್ರ ಅದು ಐದು ಪಟ್ಟು ಉಪ್ಪು. ಅರ್ಧ ಇವತ್ತ, ಅರ್ಧ ನಾಳೆ ಅಂತ ಪುಡಿ ಉಳಿಸಿದ್ರ ಅಳತಿ ತಪ್ಪತದ, ಪುಡಿ ತ್ಯಾವ ಹಿಡೀತದ. ದೊಡ್ಡದಿದ್ರ ಪೂರಾ ಒಂದು ಲೀಟರ್ ಕುದಿಸಿ ಆರಿಸಿದ ನೀರಿನಾಗ ಪೂರಾ ಪಾಕೀಟು ಕರಗಸೂದು, ಇಪ್ಪತ್ನಾಲ್ಕು ತಾಸಿನ ಮ್ಯಾಲೆ ಉಳಿದದ್ದು ಚೆಲ್ಲೂದು. ನಮ್ಮ ಮನ್ಯಾಗ ನಾ ಒಂದು ಲೀಟರಿನ ನೀರಿನ ಬಾಟಲಿಯಿಂದ ಅಳದು ಸ್ಟೀಲಿನ ಪಾತ್ರಿ ಒಳಗ ಉಗುರು ಬಣ್ಣದ ಬದಲಿ ಮೊಳಿಯಿಂದ ಗೀರಿ ಗುರುತು ಹಾಕೇನಿ. ಅರ್ಧ ಲೀಟರ್ ಹಾಲಿನ ಪಾಕೀಟು ತೊಳದು ಎರಡು ಸಲ ತುಂಬಿ ಹಾಕಿದ್ರೂ ನಡೀತದ.

ಪಾಕೀಟಿಲ್ಲದ ರಾತ್ರಿ ಬಂದ್ರ ಒಂದು ಲೀಟರ್ ನೀರು, ತಲಿ ಸವರಿದ ಆರು ಸಣ್ಣ ಚಮಚ ಸಕ್ಕರಿ, ತಲಿ ಸವರಿದ ಅರ್ಧ ಸಣ್ಣ ಚಮಚ ಉಪ್ಪು. ಉಪ್ಪು ಕಣ್ಣಳತಿ ಮಾಡಬ್ಯಾಡ್ರಿ. ಅಡಗಿಗೆ ನಮ್ಮ ಕೈ ತಪ್ಪೂದಿಲ್ಲ ಖರೆ, ಆದ್ರ ಇದು ಸಾರಲ್ಲ. ಕುಡಸೂಕಿಂತ ಮೊದಲ ನಾಲಿಗಿಗೆ ಹಚ್ಚಿ ನೋಡ್ರಿ, ಕಣ್ಣೀರಿಗಿಂತ ಉಪ್ಪಿದ್ರ ಚೆಲ್ಲಿ ಹೊಸಾದು ಮಾಡ್ರಿ. ಎರಡು ವರ್ಷದೊಳಗಿನ ಕೂಸಿಗೆ ಒಂದೊಂದು ಭೇದಿ ಆದ ಮ್ಯಾಲೆ ಕಾಲು ವಾಟಗಾದಿಂದ ಅರ್ಧ ವಾಟಗಾ, ಅದಕ್ಕೂ ದೊಡ್ಡ ಮಕ್ಕಳಿಗೆ ಅರ್ಧದಿಂದ ಒಂದು. ಗಟಗಟ ಕುಡಸೂದಲ್ಲ, ಚಮಚದಿಂದ ತಡದು ತಡದು. ವಾಂತಿ ಮಾಡಿದ್ರ ಹತ್ತು ನಿಮಿಷ ಬಿಟ್ಟು ಮತ್ತ ಇನ್ನೂ ಸಾವಕಾಶ ಸುರು ಮಾಡೂದು. ಎದಿಹಾಲು ಬಿಡಸಬ್ಯಾಡ್ರಿ, ಊಟಾನೂ ಬಂದ್ ಮಾಡಬ್ಯಾಡ್ರಿ. ಮೆತ್ತನ್ನ ಅನ್ನ, ಗಂಜಿ, ತಿಳಿ ಮಜ್ಜಿಗಿ ನಡೀತಾವ.

ಸಲಾಯಿನ್ ಬ್ಯಾಡಂತ ನಾ ಹೇಳಲಿಲ್ಲ. ಕೂಸು ಕುಡಿಯೂದ ಬಿಟ್ರ, ಎಬ್ಬಿಸಿದ್ರೂ ಮಂಕಾಗಿ ಮಲಗಿದ್ರ, ಕಣ್ಣು ಒಳಗ ಹೋಗಿದ್ರ, ಆರು ತಾಸು ಒಂದಕ್ಕ ಹೋಗಿರದಿದ್ರ, ಭೇದಿಯೊಳಗ ರಗತಾ ಕಂಡ್ರ, ಕುಡಿದದ್ದೆಲ್ಲಾ ವಾಂತಿ ಆಗ್ಲಿಕತ್ರ ತಡಾ ಮಾಡಬಾರದು. ರಾತ್ರಿ ಎರಡಾಗಿದ್ರೂ ದವಾಖಾನಿಗೆ ಹೊರಡ್ರಿ, ದಾರಿಯುದ್ದಕ್ಕೂ ಚಮಚದಿಂದ ಕುಡಿಸಿಕೋತ ಹೋಗ್ರಿ. ಆಗ ಸೂಜಿನ ಬೇಕು. ಎರಡು ತಿಂಗಳದೊಳಗಿನ ಹಸುಗೂಸಾದ್ರ ಮನ್ಯಾಗ ಕಾಯೂದ ಬ್ಯಾಡ, ಮೊದಲನೇ ದಿನಾನ ತೋರಸ್ರಿ.

ಜಿಂಕ್ ಗುಳಗಿ ಬರದು ಕೊಟ್ಟಿದ್ರ ಭೇದಿ ನಿಂತ್ರೂ ಹದಿನಾಲ್ಕು ದಿವಸ ಪೂರಾ ಮಾಡ್ರಿ. ಆರು ತಿಂಗಳ ಮ್ಯಾಲಿನ ಕೂಸಿಗೆ ದಿನಕ್ಕ 20 ಮಿಲಿಗ್ರಾಂದು ಒಂದು, ಅದಕ್ಕೂ ಸಣ್ಣದಿದ್ರ ಅರ್ಧ. ಒಂದು ಚಮಚ ಎದಿಹಾಲಿನಾಗೋ ನೀರಿನಾಗೋ ಕರಗಿಸಿದ್ರ ಕೂಸು ತಗೋತದ. ನಮ್ಮ ಸೊಸಿ ಗ್ವಾಡಿ ಕ್ಯಾಲೆಂಡರಿನಾಗ ಹದಿನಾಲ್ಕು ಚೌಕಕ್ಕ ಗುರುತು ಹಾಕಿ, ಕೊಟ್ಟ ದಿನ ಕೊಟ್ಟಂಗ ಹೊಡಕೋತ ಬರತಾಳ. ಹಾಲಿನ ಲೆಕ್ಕನೂ ಅದರಾಗ ಇರೂದರಿಂದ ಆಕಿ ಹಾಲಿಗೆ ಗೋಲ ಗುರುತು, ಗುಳಗಿಗೆ ಅಡ್ಡ ಗೆರಿ ಇಟಗೊಂಡಾಳ.